ಒಂದೇ ಜೋಡಿ ಕಣ್ಣು

ಸತ್ತವರ ಕಣ್ಣು ತೆರೆಸುವುದು ನನ್ನ ಹೊಟ್ಟೆಪಾಡಿನ ಕೆಲಸ. ಹೀಗೆ ಹೇಳಿದರೆ ಹೊಸಬರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಅದನ್ನು ನೋಡುವ ಖುಷಿಗಾಗಿಯೇ ನಾನು ಹೀಗೆ ಹೇಳುತ್ತೇನೆ.

ದಾಂಡೇಲಿಯಲ್ಲಿ ಒಂದು ಸೈಕಲ್ ಅಂಗಡಿಯ ಮೇಲೆ ಉದ್ದನೆಯ ಕೋಣೆಯೊಂದಿದೆ. ಇಪ್ಪತ್ತೈದು ವರ್ಷಗಳಿಂದ ಅಲ್ಲಿ ಚಿತ್ರಕಲೆಯ ಕ್ಲಾಸು ನಡೆಸುತ್ತಿದ್ದೇನೆ. ಕಾರ್ಖಾನೆ ಕಾರ್ಮಿಕರ ಮಕ್ಕಳು ಬರುತ್ತಾರೆ, ರವಿವಾರ ಕುಂಬಾರವಾಡದ ಕಡೆಯಿಂದ ಇದ್ದೊಂದು ಬಸ್ಸು ಹಿಡಿದು ಇಬ್ಬರು ಮೂವರು ಬರುತ್ತಾರೆ. ಗ್ರೇಡ್ ಪರೀಕ್ಷೆಯಲ್ಲಿ ನನ್ನ ಕ್ಲಾಸಿನವರು ನಪಾಸಾದದ್ದು ಕಡಿಮೆ. ಆದರೆ ಕ್ಲಾಸಿನಿಂದ ಯಾರ ಮನೆಯೂ ನಡೆಯುವುದಿಲ್ಲ. ನನ್ನ ಮನೆ ನಡೆಸಿದವರು ಸತ್ತವರು.

ನಮ್ಮ ಕಡೆ ಲಿಂಗವಂತರ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅವರನ್ನು ಮಲಗಿಸಿ ಇಡುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹೊಸ ಬಟ್ಟೆ ಉಡಿಸಿ, ಗೋಡೆಗೆ ಆನಿಸಿ ಕೂಡಿಸುತ್ತಾರೆ. ತಲೆ ವಾಲಬಾರದೆಂದು ಹಿಂದಿನಿಂದ ಯಾರಾದರೂ ಒಬ್ಬರು ಹಿಡಿದುಕೊಂಡಿರುತ್ತಾರೆ. ಸುತ್ತಲೂ ಮನೆಮಂದಿ ಕೂತು ಒಂದು ಫೋಟೋ ತೆಗೆಸುತ್ತಾರೆ. ಎಷ್ಟೋ ಜನರು ಜೀವಮಾನದಲ್ಲಿ ತೆಗೆಸಿದ್ದು ಅದೊಂದೇ ಫೋಟೋ, ಅದೂ ಜೀವ ಹೋದ ಮೇಲೆ. ಹಾಲ್‌ನ ಗೋಡೆಗೆ ತೂಗುಹಾಕಲು ಅದು ಬರುವುದಿಲ್ಲ ನೋಡಿ. ಹಾಗಾಗಿ ಅದನ್ನು ಹಿಡಿದುಕೊಂಡು ನನ್ನ ಮೆಟ್ಟಿಲು ಹತ್ತುತ್ತಾರೆ. "ಮಾಸ್ತರ್ರ, ಕಣ್ಣ ತೆಗಸಿ ಕೊಡ್ರಿ" ಅನ್ನುತ್ತಾರೆ.

ನಾನು ಫೋಟೋದ ಮೇಲೆ ಚೌಕ ಎಳೆದು ಮುಖವನ್ನು ದೊಡ್ಡದು ಮಾಡುತ್ತೇನೆ. ಹಿಂದೆ ಹಿಡಿದುಕೊಂಡ ಕೈಯನ್ನು ಅಳಿಸುತ್ತೇನೆ. ಜೋತುಬಿದ್ದ ತುಟಿಯನ್ನು ಸ್ವಲ್ಪ ಮೇಲೆತ್ತುತ್ತೇನೆ. ಕಡೆಗೆ ಕಣ್ಣು ತೆರೆಸುತ್ತೇನೆ. ಎಲ್ಲರ ಕೈಗೂ ಮೊಬೈಲ್ ಬಂದಾಗ ಈ ಕೆಲಸಕ್ಕೆ ಕಲ್ಲು ಬಿತ್ತು ಅಂದುಕೊಂಡಿದ್ದೆ. ಬೀಳಲಿಲ್ಲ. ಮೊಬೈಲು ಹೊಳೆಗೆ ಬಿದ್ದಿರುತ್ತದೆ, ಇಲ್ಲವೇ ಅದರಲ್ಲಿ ಮೊಮ್ಮಕ್ಕಳ ಫೋಟೋ ಐನೂರು ಇದ್ದು ಅಜ್ಜನದು ಒಂದೂ ಇರುವುದಿಲ್ಲ. ಆಧಾರ್ ಕಾರ್ಡಿನ ಫೋಟೋದ ಮಾತೇ ಬೇಡ, ಅದರಲ್ಲಿ ಬದುಕಿದ್ದವರೂ ಸತ್ತವರಂತೆ ಕಾಣುತ್ತಾರೆ.

ಆ ಜನರ ಕಣ್ಣನ್ನು ನಾನು ಎಂದೂ ನೋಡಿದವನಲ್ಲ. ಹೇಗಿದ್ದವು ಎಂದು ಕೇಳುತ್ತಲೂ ಇರಲಿಲ್ಲ. ನನ್ನ ಹತ್ತಿರ ಒಂದು ಜೋಡಿ ಕಣ್ಣಿದ್ದವು, ಅವನ್ನೇ ಹಾಕುತ್ತಿದ್ದೆ. ಸ್ವಲ್ಪ ಉದ್ದನೆಯ ಕಣ್ಣು, ಮೇಲಿನ ರೆಪ್ಪೆ ಭಾರ, ಕರಿ ಗುಡ್ಡೆಯ ಎಡಬದಿಗೆ ಸಣ್ಣದೊಂದು ಬಿಳಿ ಚುಕ್ಕಿ. ಕೋಣೆಯ ಯಾವ ಮೂಲೆಯಲ್ಲಿ ನಿಂತರೂ ಅವು ನಿಮ್ಮನ್ನೇ ನೋಡುತ್ತವೆ. ಹಳಿಯಾಳದಲ್ಲಿ ಅಂಗಡಿಯ ಬೋರ್ಡು ಬರೆಯುತ್ತಿದ್ದ ನನ್ನ ಗುರುಗಳಿಂದ ಕಲಿತದ್ದು. ಜನ ಇಷ್ಟಪಟ್ಟರು. "ಎಲ್ಲಿ ನಿಂತ್ರೂ ನಮ್ಮನ್ನ ನೋಡ್ತಾರಲ್ರೀ!" ಎಂದು ಕಣ್ಣೊರೆಸಿಕೊಂಡು ಕೈಮುಗಿಯುತ್ತಿದ್ದರು. ನನಗೆ ಕೊಂಬು ಬರಲು ಅಷ್ಟು ಸಾಕಾಯಿತು.

ಕ್ಲಾಸಿನಲ್ಲಿ ಮೊದಲ ಪಾಠವೇ ಆ ಕಣ್ಣು. ಮಕ್ಕಳ ಹಿಂದೆ ಕೂತು ಮುಂಗೈ ಹಿಡಿದು ತಿದ್ದಿಸುತ್ತಿದ್ದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಗೆರೆ ಸೊಟ್ಟಗೆ ಹೋದರೆ ಅಳತೆಪಟ್ಟಿ ಬೆರಳಿನ ಮೇಲೆ ಬೀಳುತ್ತಿತ್ತು. "ಹಂಗಲ್ಲ, ಹಿಂಗ!" ಎನ್ನುವ ನನ್ನ ಕೂಗು ಕೆಳಗೆ ಪಂಕ್ಚರ್ ತಿದ್ದುವವನಿಗೂ ಬಾಯಿಪಾಠವಾಗಿತ್ತು. ವರ್ಷ ತುಂಬುವಷ್ಟರಲ್ಲಿ ಎಲ್ಲ ಮಕ್ಕಳೂ ನನ್ನ ಹಾಗೆಯೇ ಬಿಡಿಸುತ್ತಿದ್ದರು. ಇದಕ್ಕಿಂತ ದೊಡ್ಡ ಗೆಲುವು ಒಬ್ಬ ಮಾಸ್ತರನಿಗೆ ಇರಲಾರದು ಅಂದುಕೊಂಡಿದ್ದೆ.

ಅವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಲಿತವಳು ಒಬ್ಬ ಹುಡುಗಿ. ಅವಳ ತಂದೆ ಧಾರವಾಡದ ಕಡೆಯ ಹಳ್ಳಿಯಿಂದ ಬಂದು ಕಾಗದದ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸಕ್ಕೆ ಸೇರಿದವರು. ಹತ್ತನೇ ವಯಸ್ಸಿಗೆ ನನ್ನ ಹತ್ತಿರ ತಂದು ಬಿಟ್ಟಿದ್ದರು. ಹದಿನೆಂಟಕ್ಕೆ ಬರುವಷ್ಟರಲ್ಲಿ ಅವಳು ಬರೆದ ಕಣ್ಣು ಯಾವುದು, ನಾನು ಬರೆದದ್ದು ಯಾವುದು ಎಂದು ನನಗೇ ತಿಳಿಯುತ್ತಿರಲಿಲ್ಲ. ಕೆಲಸ ಹೆಚ್ಚಾದಾಗ ಒಂದೆರಡು ಮುಖಗಳಿಗೆ ಅವಳ ಕೈಯಿಂದಲೇ ಕಣ್ಣು ತೆರೆಸಿ ಕಳಿಸಿದ್ದೂ ಉಂಟು.

ಪಿಯುಸಿ ಮುಗಿದ ಮೇಲೆ ಧಾರವಾಡದ ಒಂದು ಕಲಾ ಕಾಲೇಜಿಗೆ ಸಂದರ್ಶನಕ್ಕೆ ಹೋದಳು. ನನ್ನ ಕ್ಲಾಸಿನ ಇನ್ನಿಬ್ಬರೂ ಹೋಗಿದ್ದರು. ಮರುದಿನ ಮುಂಜಾನೆ ಒಬ್ಬಳೇ ಬಂದು ಬಾಗಿಲಲ್ಲಿ ನಿಂತಳು.

"ಏನಾತು?" ಅಂದೆ.

"ಮೂರು ಮಂದಿ ಹಾಳಿ ಕೂಡಿಸಿ, ಹೆಸರಿನ ಮ್ಯಾಲ ಚೀಟಿ ಇಟ್ಟು ಟೇಬಲ್ ಮ್ಯಾಲ ಹರವಿದ್ರು ಸರ್. ನಿನ್ನದು ಯಾವ್ದು ತಗೊ ಅಂದ್ರು."

"ಮತ್ತ?"

"ನಾ ತಗೊಂಡಿದ್ದು ನಂದಾಗಿರಲಿಲ್ರೀ."

ನನ್ನ ಪಿತ್ತ ನೆತ್ತಿಗೇರಿತು. ಆ ಕಾಲೇಜಿನವರಿಗೆ ಬಾಯಿಗೆ ಬಂದಂತೆ ಬೈದೆ. ಒಂದೇ ಗರಡಿಯಲ್ಲಿ ಪಳಗಿದ ಕೈ ಒಂದೇ ಥರ ಇರದೆ ಇನ್ನು ಹೇಗಿರುತ್ತದೆ ಎಂದು ಕೂಗಾಡಿದೆ. ಅವಳು ನನ್ನ ಗದ್ದಲ ಮುಗಿಯುವವರೆಗೆ ಕಾದಳು.

"ಅವರ ತಪ್ಪಲ್ರೀ ಸರ್. ನನ್ನ ಹಾಳಿ ನನಗ ಗುರ್ತ ಸಿಗಲಿಲ್ಲ. ಹಂಗಾರ ಎಂಟು ವರ್ಷ ಇಲ್ಲಿ ಕುಂತು ತಗದಾಕಿ ಯಾರು?"

ಅವಳ ದನಿಯಲ್ಲಿ ಅಳು ಇರಲಿಲ್ಲ, ಹೆದರಿಕೆ ಇತ್ತು. ಮುಂದಿನ ವರ್ಷ ಇನ್ನೊಂದು ಸಲ ಹೋಗಿ ಬಾ ಎಂದು ತಂದೆ ಹೇಳಿದ್ದರಂತೆ. "ಆವಾಗೂ ಹಿಂಗ ಆತಂದ್ರ ನಾ ಇನ್ನ ಪೆನ್ಸಿಲ್ ಮುಟ್ಟೂದಿಲ್ರೀ" ಅಂದಳು. ಹೇಳಿದರೆ ಹೇಳಿದ ಹಾಗೇ ಮಾಡುವವಳು ಅವಳು.

ಅದೇ ವಾರ ಹಳಿಯಾಳದ ಹತ್ತಿರದ ಒಂದು ಹಳ್ಳಿಗೆ ಚಿತ್ರ ಮುಟ್ಟಿಸುವುದಿತ್ತು. ದೊಡ್ಡ ಚೌಕಟ್ಟು, ಬಸ್ಸಿನಲ್ಲಿ ಒಬ್ಬನೇ ಹಿಡಿದುಕೊಳ್ಳಲು ಆಗುವುದಿಲ್ಲ. ಅವಳನ್ನೂ ಕರೆದುಕೊಂಡು ಹೋದೆ. ರೈತರ ಮನೆ. ಆ ಮನೆಗೆ ನಾನು ಹಳಬ, ಇಪ್ಪತ್ತು ವರ್ಷಗಳಲ್ಲಿ ಅಲ್ಲಿ ತೀರಿಕೊಂಡ ನಾಲ್ವರ ಕಣ್ಣು ತೆರೆಸಿ ಕೊಟ್ಟಿದ್ದೆ. ಈಗ ಮನೆಯ ಹಿರಿಯರದು ಐದನೆಯದು. ಹಿರಿಯರ ಹೆಂಡತಿ, ಆ ಅಜ್ಜಿ, ಕಂಬಕ್ಕೆ ಒರಗಿ ಕೂತಿದ್ದಳು. ಮಗ ಮೊಳೆ ಹೊಡೆದು ಚಿತ್ರವನ್ನು ಉಳಿದ ನಾಲ್ಕರ ಸಾಲಿಗೆ ತೂಗುಹಾಕಿದ.

ನಡು ಮಧ್ಯಾಹ್ನ. ಹೊರಗೆ ಬೆಳಕು ಸುರಿಯುತ್ತಿತ್ತು, ಪಡಸಾಲೆಯಲ್ಲಿ ತಂಪು. ನಾನು ಚಹಾ ಕುಡಿಯುತ್ತ ಕೂತಿದ್ದೆ. ಹುಡುಗಿ ನಡುವೆ ನಿಂತು ಗೋಡೆ ನೋಡುತ್ತಿದ್ದಳು. ಎಡಕ್ಕೆ ನಾಲ್ಕು ಹೆಜ್ಜೆ ನಡೆದಳು, ತಿರುಗಿ ಬಲಕ್ಕೆ ನಡೆದಳು. ಆಮೇಲೆ ನನ್ನ ಹತ್ತಿರ ಬಂದು ಬಗ್ಗಿ ಮೆಲ್ಲಗೆ ಹೇಳಿದಳು.

"ಸರ್, ಇಲ್ಲಿ ಐದು ಮಂದಿ ಇಲ್ಲ. ಒಬ್ಬರ ಅದಾರ."

ನಾನು ತಲೆಯೆತ್ತಿದೆ. ಮೀಸೆಯ ಮನುಷ್ಯ, ಮೂಗುತಿಯ ಮುದುಕಿ, ಬಡಕಲು ಗಂಡಸು, ಇನ್ನೂ ಮೀಸೆ ಮೂಡದ ತರುಣ, ಈಗ ತೂಗುಹಾಕಿದ ಹಿರಿಯರು. ಐದು ಬೇರೆ ಬೇರೆ ಮುಖ. ಆ ಐದೂ ಮುಖಗಳನ್ನು ಹಾಕಿಕೊಂಡು ಒಳಗಿನಿಂದ ಯಾರೋ ಒಬ್ಬರೇ ನನ್ನನ್ನು ನೋಡುತ್ತಿದ್ದರು. ನಾನು ಕೂತಲ್ಲಿಂದ ಸ್ವಲ್ಪ ಸರಿದೆ. ಅವರೂ ನೋಟ ಸರಿಸಿದರು. ಇಪ್ಪತ್ತು ವರ್ಷ ನಾನು ಹೆಮ್ಮೆಪಟ್ಟ ಕಸುಬು ಅದು. ಅವತ್ತು ನನ್ನ ಮೈ ಜುಮ್ಮೆಂದಿತು.

ಆ ಹೊತ್ತಿಗೇ ಮನೆಯ ಸೊಸೆ ಐದಾರು ತಿಂಗಳ ಕೂಸನ್ನು ಎತ್ತಿಕೊಂಡು ಬಂದಳು. "ನೋಡ್ರಿ ಮಾಸ್ತರ್ರ, ಕೂಸಿಗೆ ಥೇಟ್ ಮುತ್ಯಾನ ಕಣ್ಣ ಬಿದ್ದಾವ" ಎಂದು ನಗುತ್ತ ನನ್ನ ಮುಂದೆ ಹಿಡಿದಳು.

ಅವಳು ಮುತ್ಯಾ ಎಂದದ್ದು ಮೊದಲನೆಯ ಚಿತ್ರದ ಮೀಸೆಯ ಮನುಷ್ಯನಿಗೆ, ಹಿರಿಯರ ತಂದೆಗೆ. ಆತನ ಕಣ್ಣು ಅವಳೂ ನೋಡಿಲ್ಲ, ನಾನೂ ನೋಡಿಲ್ಲ. ಆ ಕಣ್ಣು ಆತನದ್ದೇ ಅಲ್ಲ. ಆದರೆ ಕೂಸಿನ ಕಣ್ಣು ಉದ್ದಗಿದ್ದವು, ಮೇಲಿನ ರೆಪ್ಪೆ ಭಾರವಾಗಿತ್ತು. ಬಾಗಿಲ ಬೆಳಕು ಎಡಬದಿಗೆ ಬಿದ್ದು ಸಣ್ಣದೊಂದು ಬಿಳಿ ಚುಕ್ಕಿ ಹೊಳೆಯುತ್ತಿತ್ತು. ಕೂಸು ನಗಲಿಲ್ಲ, ನನ್ನನ್ನೇ ನೋಡುತ್ತಿತ್ತು. ಬೆಳಕಿನ ಆಟ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ.

ಹೊರಡುವಾಗ ಅಜ್ಜಿ ನನ್ನನ್ನು ಹತ್ತಿರ ಕರೆದಳು. ಹೊಗಳುತ್ತಾಳೆ ಅಂದುಕೊಂಡೆ.

"ಮಾಸ್ತರ್ರ, ಒಂದ್ ಮಾತ ಹೇಳ್ತೇನಿ, ಸಿಟ್ಟ ಮಾಡಬ್ಯಾಡ್ರಿ. ನಮ್ಮ ಹಿರೇಮಗ, ಆ ಮೀಸಿ ಮೂಡದಾಂವ, ತೀರಿದಾಗ ನೀವು ಅವನ ಫೋಟೋ ತಂದ್ರಿ. ಇವ ನಮ್ಮ ಮಗ ಅಲ್ಲ ಅನಸ್ತು ನನಗ. ಹೇಳಲಿಲ್ಲ. ಈಗ ಅವನ ಕಣ್ಣ ಹೆಂಗಿದ್ದೂ ಅಂತ ನೆನಸಿಕೊಳ್ಳಾಕ ಕುಂತ್ರ ಈ ಗ್ವಾಡೀ ಮ್ಯಾಲಿನ ಕಣ್ಣ ಬರ್ತಾವು. ಅವನ್ವು ಎಲ್ಲಿ ಹೋದವು?"

ಹೆತ್ತ ತಾಯಿಯ ನೆನಪಿನಿಂದ ಮಗನ ಕಣ್ಣನ್ನು ನಾನು ಅಳಿಸಿಹಾಕಿದ್ದೆ. ಹಿಂದೆ ಹಿಡಿದುಕೊಂಡ ಕೈಯನ್ನು ಅಳಿಸಿದಷ್ಟೇ ಸಲೀಸಾಗಿ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟೆ. ಬಸ್ಸಿನಲ್ಲಿ ಹುಡುಗಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ದಾಂಡೇಲಿ ಸಮೀಪಿಸಿದಾಗ ಒಂದೇ ಮಾತು ಆಡಿದಳು.

"ಆ ಒಬ್ಬರು ನನ್ನೊಳಗೂ ಬಂದು ಕುಂತಾರ ಸರ್."

ಮನೆಗೆ ಬಂದವನೇ ಕನ್ನಡಿಯ ಮುಂದೆ ನಿಂತೆ. ನನ್ನ ಕಣ್ಣಲ್ಲ ಅವು, ನನ್ನವು ಗುಂಡಗೆ ಸಣ್ಣಗಿವೆ. ಹಾಗಾದರೆ ಯಾರವು? ಹಿಂದಕ್ಕೆ ತಿರುಗಿದರೆ ಗೋಡೆಯ ಮೇಲಿನಿಂದ ನನ್ನ ಅವ್ವ ನನ್ನನ್ನು ನೋಡುತ್ತಿದ್ದಳು. ಉದ್ದನೆಯ ಕಣ್ಣು, ಭಾರದ ರೆಪ್ಪೆ, ಎಡಕ್ಕೆ ಚುಕ್ಕಿ.

ಅವ್ವ ತೀರಿಕೊಂಡಾಗ ನನಗೆ ಮೂರು ವರ್ಷ. ನನಗೆ ಗೊತ್ತಿರುವ ಅವ್ವ ಆ ಚಿತ್ರದವಳೇ. ಅಪ್ಪ ಹಳಿಯಾಳದ ಬೋರ್ಡು ಬರೆಯುವವರಿಂದ ಮಾಡಿಸಿದ್ದು. ಮುಂದೆ ಅವರೇ ನನಗೆ ಗುರುಗಳಾದರು. ಈ ಚಿತ್ರವನ್ನೇ ನೂರು ಸಲ ನಕಲು ಮಾಡಿ ನಾನು ಕಣ್ಣು ಬರೆಯಲು ಕಲಿತೆ. ಅವ್ವನ ಕಣ್ಣು ನನ್ನ ಕೈಯಲ್ಲಿವೆ ಎಂದು ಎಷ್ಟು ಸೊಕ್ಕಿನಿಂದ ಬದುಕಿದ್ದೆ! ಆದರೆ ಅಪ್ಪ ಗುರುಗಳ ಹತ್ತಿರ ಒಯ್ದದ್ದು ಕೂಡಿಸಿದ ಫೋಟೋ. ಗುರುಗಳೂ ಅವ್ವನ ಕಣ್ಣು ನೋಡಿರಲಿಲ್ಲ. ಅವರ ಹತ್ತಿರವೂ ಒಂದೇ ಜೋಡಿ ಇತ್ತು. ಅದು ಅವರಿಗೆ ಯಾರಿಂದ ಬಂತೋ, ಯಾವ ಗೋಡೆಯಿಂದ ಇಳಿದು ಬಂತೋ ದೇವರಿಗೇ ಗೊತ್ತು. ಐವತ್ತು ವರ್ಷ ನಾನು ಊಟ ಮಾಡುವುದನ್ನು, ಮಲಗುವುದನ್ನು, ಅಳುವುದನ್ನು ಅವ್ವನ ಮುಖದೊಳಗಿಂದ ಬೇರೆ ಯಾರೋ ನೋಡುತ್ತ ಬಂದಿದ್ದರು.

ನನಗೆ ಹೆದರಿಕೆಯಾಯಿತು. ಹೇಳಿಕೊಳ್ಳಲು ನಾಚಿಕೆಯಿಲ್ಲ, ಹಾಡಹಗಲಲ್ಲಿ ನನ್ನ ಮನೆಯಲ್ಲೇ ನನಗೆ ಹೆದರಿಕೆಯಾಯಿತು. ಹೆಗಲ ಮೇಲಿನ ಟಾವೆಲ್ ತೆಗೆದು ಆ ಚಿತ್ರಕ್ಕೆ ಮುಚ್ಚಿದೆ. ಯಾಕೆಂದು ಹೆಂಡತಿ ಕೇಳಿದಳು. ದೂಳು ಬೀಳುತ್ತದೆ ಅಂದೆ. ಅಲ್ಲೇ ಗುರುಗಳ ಚಿತ್ರವೂ ಇತ್ತು, ನಾನೇ ಬರೆದದ್ದು. ಅವರ ಒಂದು ಕಣ್ಣಿಗೆ ಪೊರೆ ಬಂದಿತ್ತು, ಆ ಬಿಳಿ ಕಣ್ಣನ್ನು ಹದಿನೈದು ವರ್ಷ ದಿನವೂ ನೋಡಿದವನು ನಾನು. ಆದರೂ ಚಿತ್ರದಲ್ಲಿ ಅದೇ ಎರಡು ಉದ್ದನೆಯ ಕಣ್ಣು ಹಾಕಿದ್ದೆ. ನೋಡಿ ಗೊತ್ತಿದ್ದ ಕಣ್ಣನ್ನೂ ನಾನು ಬಿಟ್ಟಿರಲಿಲ್ಲ. ಅದಕ್ಕೂ ಟಾವೆಲ್ ಹುಡುಕಿದೆ.

ಮರುದಿನದಿಂದ ಹುಡುಗಿಯ ಹಾಳೆಯನ್ನು ಮುಟ್ಟುವುದು ನಿಲ್ಲಿಸಿದೆ. ಇದು ಕೇಳಲು ಸುಲಭ. ಅವಳ ಗೆರೆ ಒಂದು ಕಡೆ ತಪ್ಪುತ್ತಿರುವುದು ಕಂಡಾಗ ನನ್ನ ಬೆರಳುಗಳು ತಾವೇ ಮೇಲೇಳುತ್ತಿದ್ದವು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದೆ. ಸಣ್ಣ ಮಕ್ಕಳು ನೋಡಿ ನಗುತ್ತಿದ್ದವು.

ಆದರೆ ಆ ಒಬ್ಬರು ಹೋಗಲಿಲ್ಲ. ಅವಳು ಆಡು ಬರೆದರೆ ಆಡಿಗೆ ಆ ಕಣ್ಣು ಬಂದು ಕೂರುತ್ತಿತ್ತು. ಮಂಗಟ್ಟೆ ಹಕ್ಕಿ ಬರೆದಳು, ಅದರ ದೊಡ್ಡ ಕೊಕ್ಕಿನ ಹಿಂದಿನಿಂದ ಅದೇ ನೋಟ. ಸಿಟ್ಟಿಗೆದ್ದು ಬರೀ ಮನೆಯೊಂದನ್ನು ಬರೆದಳು, ಜನವಿಲ್ಲ ಪ್ರಾಣಿಯಿಲ್ಲ. ಹಾಳೆಯನ್ನು ಗೋಡೆಗೆ ಒರಗಿಸಿ ನಾವಿಬ್ಬರೂ ಹಿಂದೆ ಸರಿದು ನೋಡಿದೆವು. ಎರಡು ಕಿಟಕಿಗಳು ನಮ್ಮನ್ನು ನೋಡುತ್ತಿದ್ದವು. ಅವಳು ರಬ್ಬರಿನಿಂದ ಉಜ್ಜುತ್ತ ಹೋದಳು, ಹಾಳೆ ತೂತು ಬೀಳುವವರೆಗೆ. ಎಷ್ಟೋ ತಿಂಗಳು ಹೀಗೇ ಕಳೆದವು. ಅವಳು ಸೊರಗಿಹೋದಳು. ಇನ್ನೊಬ್ಬರ ಮಗಳ ಕೈಯನ್ನು ನಾನು ಕೆಡಿಸಿಟ್ಟೆ ಎಂಬ ಸಂಕಟ ನನ್ನನ್ನು ತಿನ್ನತೊಡಗಿತು.

ಒಂದು ದಿನ ಏನೋ ಹೊಳೆದು ಕೇಳಿದೆ, "ನನ್ನ ಕಡೆ ಬರೂಕ್ಕಿಂತ ಮೊದಲ ತಗದಿದ್ದು ಏನರ ಐತೇನ?"

ಅವಳ ತಾಯಿ ಆ ಹಾಳೆಗಳನ್ನು ಅಡಿಗೆಮನೆಯ ಮಾಡದಲ್ಲಿ ಡಬ್ಬಿಗಳ ಕೆಳಗೆ ಹಾಸಿದ್ದರಂತೆ. ಎಣ್ಣೆ ಕಲೆ ಹತ್ತಿದ ಏಳೆಂಟು ಹಾಳೆ ತಂದಳು. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ ಅಪ್ಪ, ಬರೀ ಬೆನ್ನು. ನಲ್ಲಿಯ ಹತ್ತಿರ ಕೊಡ ಇಟ್ಟು ರಸ್ತೆಯ ಕಡೆ ನೋಡುತ್ತ ನಿಂತ ಅವ್ವ, ಕಿವಿ ಮತ್ತು ತುರುಬು ಅಷ್ಟೇ. ಗೋಡೆಗೆ ಮುಖ ಮಾಡಿ ಕೂತ ಅಜ್ಜಿ. ಯಾರೂ ನಮ್ಮ ಕಡೆ ನೋಡುತ್ತಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಕೆಲಸದಲ್ಲಿದ್ದರು, ತಮಗೆ ಬೇಕಾದ್ದನ್ನು ನೋಡುತ್ತಿದ್ದರು. ಹತ್ತು ವರ್ಷದ ಕೂಸಿನ ಗೆರೆಗಳು, ಆದರೆ ಸಾವಿರ ಹಾಳೆಗಳ ನಡುವೆ ಇಟ್ಟರೂ ಗುರುತು ಸಿಗುವಂಥವು.

ಒಂದೊಂದು ಹಾಳೆಯ ಮೂಲೆಯಲ್ಲೂ ಕೆಂಪು ಪೆನ್ಸಿಲಿನಲ್ಲಿ ಬರೆದಿತ್ತು, "ಮುಖ ಈ ಕಡೆ ತಿರುಗಿಸು." ಅಕ್ಷರ ನನ್ನವು. ಕ್ಲಾಸಿಗೆ ಸೇರಿಸಲು ಬಂದ ದಿನ ಅವಳಪ್ಪ ಇವನ್ನು ನನಗೆ ತೋರಿಸಿದ್ದಿರಬೇಕು. ನನಗೆ ಅದು ನೆನಪೂ ಇರಲಿಲ್ಲ.

ನಾನು ಅವಳ ಮುಖ ನೋಡಲಾರದೆ, "ಇದು ನಿಂದು" ಅಂದೆ. ಅವಳು ಬಹಳ ಹೊತ್ತು ಆ ಹಾಳೆಗಳನ್ನು ತಿರುವಿ ತಿರುವಿ ನೋಡಿದಳು.

ಆಮೇಲೆ ಕೋಗಿಲಬನದಿಂದ ಒಬ್ಬ ತಾಯಿ ಬಂದರು. ಗಂಡ ಕಾರ್ಖಾನೆಯ ಬಿದಿರು ರಾಶಿಯ ಅಂಗಳದಲ್ಲಿ ದುಡಿದು ನಿವೃತ್ತರಾಗಿ, ಕಾಳಿ ಹೊಳೆಯ ದಂಡೆಯ ಆ ಊರಲ್ಲಿ ಸಣ್ಣ ಮನೆ ಕಟ್ಟಿಕೊಂಡು ತೀರಿಹೋದವರು. ಕೂಡಿಸಿದ ಫೋಟೋ ಒಂದೇ ಇತ್ತು. ನಾನು ಅದನ್ನು ಹುಡುಗಿಯ ಕೈಗೆ ಕೊಟ್ಟೆ. "ನೀ ಮಾಡು. ನಾ ಹಾಳಿ ನೋಡೂದಿಲ್ಲ."

ಅವಳು ಮಾಡಿದ ಕೆಲಸ ನನ್ನ ಕಸುಬಿನಲ್ಲಿ ಯಾರೂ ಮಾಡಿದ್ದಲ್ಲ. ಕೋಗಿಲಬನಕ್ಕೆ ಹೋದಳು. ನಿಮ್ಮ ಯಜಮಾನರ ಕಣ್ಣು ಹೇಗಿದ್ದವು ಎಂದು ಕೇಳಲಿಲ್ಲ. "ಅವರು ಎಲ್ಲಿ ಕುಂದರ್ತಿದ್ರು? ಏನು ನೋಡ್ತಿದ್ರು?" ಎಂದು ಕೇಳಿದಳಂತೆ. ಹೊರಗಿನ ಕಟ್ಟೆಯ ಮೇಲೆ ಕೂತು ಹೊಳೆ ನೋಡುತ್ತಿದ್ದರು ಎಂದು ಆ ತಾಯಿ ಹೇಳಿದರು. ಹುಡುಗಿ ಮೂರು ದಿನ ಆ ಜಾಗದಲ್ಲೇ ಕೂತಳು. ಅಲ್ಲಿಂದ ಕಾಣುವ ಪಪ್ಪಾಯಿ ಗಿಡ, ಕೋಳಿಬುಟ್ಟಿ, ನೀರಿನ ಮೇಲೆ ಝಗಝಗಿಸುವ ಬಿಸಿಲು, ಎಲ್ಲವನ್ನೂ ಬರೆದಳು. ಮನುಷ್ಯನನ್ನು ಕಟ್ಟಕಡೆಗೆ ಬರೆದಳು.

ಚಿತ್ರ ಮುಗಿದ ಮೇಲೆ ನನ್ನ ಮುಂದೆ ಇಟ್ಟಳು. ಮುಖ ಒಂದು ಬದಿಗೆ ತಿರುಗಿತ್ತು. ಕಣ್ಣು ಹೆಚ್ಚುಕಡಿಮೆ ಮುಚ್ಚಿದ್ದವು, ಬಿಸಿಲಿಗೆ ಕಿರಿದಾಗಿ ಎರಡು ಸುಕ್ಕಿನ ಗೆರೆಯಷ್ಟೇ ಉಳಿದಿದ್ದವು. ಕಣ್ಣು ತೆರೆಸಿ ಕೊಡಿ ಎಂದು ಬಂದವರಿಗೆ ಇದನ್ನು ಹೇಗೆ ಕೊಡುವುದು? ನನ್ನ ಬಾಯಿಯ ತನಕ ಬೈಗುಳ ಬಂದಿತ್ತು. ನಾನು ಎದ್ದು ಎಡಕ್ಕೆ ನಡೆದೆ, ಬಲಕ್ಕೆ ನಡೆದೆ. ಆ ಮನುಷ್ಯ ನನ್ನನ್ನು ನೋಡಲೇ ಇಲ್ಲ. ಆತನಿಗೆ ನನ್ನ ಗೊಡವೆಯೇ ಇರಲಿಲ್ಲ. ಬೈಗುಳ ನುಂಗಿಕೊಂಡೆ.

ಕೋಗಿಲಬನಕ್ಕೆ ಇಬ್ಬರೂ ಆಟೋದಲ್ಲಿ ಹೋದೆವು. ಆ ತಾಯಿ ಒಳಗೆ ಅಕ್ಕಿ ಆರಿಸುತ್ತಿದ್ದರು. ಹುಡುಗಿ ಚಿತ್ರವನ್ನು ಬಾಗಿಲ ಹತ್ತಿರದ ಕುರ್ಚಿಯ ಮೇಲೆ ಇಟ್ಟು ಸುತ್ತಿದ ಬಟ್ಟೆ ತೆಗೆದಳು. ಅವರು ತಲೆಯೆತ್ತಿದರು. ನೋಡಿದವರೇ ಮೊರ ಪಕ್ಕಕ್ಕಿಟ್ಟು, ಜಾರಿದ್ದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎದ್ದು ನಿಂತರು.

"ಮತ್ತ ಬಿಸಲಾಗ ಕುಂತೀರಿ? ಎಷ್ಟ ಸಲ ಹೇಳ್ಲಿ, ಒಳಗ ಬರ್ರಿ."

ನಮ್ಮ ಜೊತೆ ಆಡಿದ ಮಾತಲ್ಲ ಅದು. ಆಡಿದ ಮೇಲೆ ಅವರಿಗೇ ಎಚ್ಚರವಾಗಿ ಕೈಯಿಂದ ಬಾಯಿ ಮುಚ್ಚಿಕೊಂಡರು. ಚಿತ್ರದ ಮನುಷ್ಯ ಹೊಳೆ ನೋಡುತ್ತಲೇ ಇದ್ದ. ನನ್ನ ತೋಳಿನ ಕೂದಲು ನಿಮಿರಿ ನಿಂತವು, ಕಣ್ಣಲ್ಲಿ ನೀರೂ ಬಂತು. ಎರಡೂ ಒಟ್ಟಿಗೆ ಬಂದದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಹುಡುಗಿ ಮಾತ್ರ ತಣ್ಣಗೆ ನಿಂತಿದ್ದಳು, ಅವಳಿಗೆ ಆತನ ಪರಿಚಯ ಮೂರು ದಿನಗಳಿಂದ ಇತ್ತಲ್ಲ.

ಎರಡನೆಯ ಸಂದರ್ಶನದ ಹಿಂದಿನ ದಿನ ಕ್ಲಾಸಿನ ಎಲ್ಲರ ಹಾಳೆಗಳನ್ನೂ ನೆಲದ ಮೇಲೆ ಹರವಿದೆ. ಹೆಸರು ಕಾಣದ ಹಾಗೆ ಮೂಲೆ ಮಡಚಿದ್ದೆ. ನಾನು ಹರವುವುದು ಮುಗಿಯುವ ಮೊದಲೇ ಅವಳು ಬಗ್ಗಿ ತನ್ನದನ್ನು ಎತ್ತಿಕೊಂಡಳು. ಅವಳ ಬೆರಳು ಒಂದಿಷ್ಟೂ ತಡವರಿಸಲಿಲ್ಲ.

"ಉಳದಿದ್ದು ಯಾರ್ಯಾರ್ದು ಹೇಳು ನೋಡೂಣು" ಅಂದೆ.

"ಉಳದಿದ್ದೆಲ್ಲಾ ನಿಮ್ಮದ ಸರ್" ಅಂದಳು.

ಮುಂಚಿನ ನಾನಾಗಿದ್ದರೆ ಅಳತೆಪಟ್ಟಿ ಎತ್ತುತ್ತಿದ್ದೆ. ಆ ಮಾತು ಸರಿಯಾಗಿ ನಾಟಿತು. ಆ ಮಕ್ಕಳ ಹಳೆಯ ಹಾಳೆಗಳನ್ನೂ ತರಿಸಲು ಶುರುಮಾಡಿದ್ದೇನೆ. ಎಲ್ಲರ ತಾಯಂದಿರೂ ಡಬ್ಬಿಯ ಕೆಳಗೆ ಹಾಸಿಟ್ಟಿರುವುದಿಲ್ಲ, ಅದೇ ಚಿಂತೆ.

ಅವಳಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಹೊರಡುವ ಮೊದಲು ಪೇಢೆ ತಂದಳು. ಆಗ ನಾನು ಬಹಳ ದಿನಗಳಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಮಾತು ಕೇಳಿದೆ.

"ನಮ್ಮ ಅವ್ವನ ಕಣ್ಣ ತೆಗಸಿ ಕೊಡತೀ ಏನ? ಅಕೀನ ಖರೇ ಕಣ್ಣ."

"ಮೊದಲಿನ ಫೋಟೋ ಐತೇನ್ರೀ?"

ಅದು ಮುಂಡಗೋಡದಲ್ಲಿ ಅಕ್ಕನ ಮನೆಯಲ್ಲಿತ್ತು. ನಾನು ಅದನ್ನು ಎಂದೂ ಕಂಡಿರಲಿಲ್ಲ, ಕಾಣಬೇಕೆಂದು ಅನ್ನಿಸಿಯೂ ಇರಲಿಲ್ಲ. ಬಸ್ಸು ಹಿಡಿದು ಹೋದೆ. ಅಕ್ಕ ಟ್ರಂಕಿನ ತಳದಿಂದ ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದನ್ನು ತೆಗೆದಳು. "ನೀ ಹೆದರತೀ ಅಂತ ಅಪ್ಪ ಮುಚ್ಚಿ ಇಟ್ಟಿದ್ದ" ಅಂದಳು. ಅವ್ವ ಹೋದಾಗ ಅಕ್ಕನಿಗೆ ಒಂಬತ್ತು ವರ್ಷ, ಅವಳಿಗೆ ನೆನಪಿರಬೇಕು.

"ಅವ್ವನ ಕಣ್ಣ ಹೆಂಗಿದ್ದೂ ಅಕ್ಕಾ?"

ಅಕ್ಕ ಕಣ್ಣು ಮುಚ್ಚಿ ಕೂತಳು. "ಇಲ್ಲೋ ತಮ್ಮಾ. ಗ್ವಾಡೀ ಮ್ಯಾಲಿನ ಕಣ್ಣ ಬರ್ತಾವ."

ಹಳಿಯಾಳದ ಅಜ್ಜಿಯ ಮಾತೇ ನನ್ನ ಅಕ್ಕನ ಬಾಯಿಂದ ಬಂತು. ನಾನು ಫೋಟೋವನ್ನು ಬಿಚ್ಚಿಯೂ ನೋಡದೆ ಸೀರೆಯ ಸಮೇತ ತಂದು ಹುಡುಗಿಗೆ ಕೊಟ್ಟೆ. ಎಂಟು ದಿನ ಇಟ್ಟುಕೊಂಡಳು. ಧಾರವಾಡಕ್ಕೆ ಹೋಗುವ ದಿನ ಮುಂಜಾನೆ, ಬ್ಯಾಗು ಕೆಳಗೆ ಸೈಕಲ್ ಅಂಗಡಿಯಲ್ಲಿಟ್ಟು, ಚಿತ್ರ ಹಿಡಿದುಕೊಂಡು ಮೇಲೆ ಬಂದಳು.

"ಸರ್, ಅವ್ವಾರ ಕಣ್ಣ ನನಗ ತೆಗಿಯಾಕ ಬರಲಿಲ್ರೀ. ಗೊತ್ತಿದ್ದವರು ಯಾರೂ ಉಳದಿಲ್ಲ. ಗೊತ್ತಿಲ್ಲದ್ದು ನಾ ಹಾಕೂದಿಲ್ಲ."

ಒಂಬತ್ತು ವರ್ಷ ನಾನು ಕೊಟ್ಟ ಯಾವ ಕೆಲಸಕ್ಕೂ ಒಲ್ಲೆ ಎನ್ನದವಳು ನನಗೆ ಆಗುವುದಿಲ್ಲ ಎಂದಳು. ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಚಿತ್ರದಲ್ಲಿ ಅವ್ವ ಗೋಡೆಗೆ ಆನಿಸಿಕೊಂಡು ಕೂತಿದ್ದಳು, ಕಣ್ಣು ಮುಚ್ಚಿದ್ದವು. ಹಿಂದಿನಿಂದ ತಲೆ ಹಿಡಿದ ಕೈಯನ್ನು ಹುಡುಗಿ ಅಳಿಸಿರಲಿಲ್ಲ. ನರ ಉಬ್ಬಿದ, ದುಡಿದ ಕೈ, ಅದು ಅಪ್ಪನದೆಂದು ನನಗೆ ಒಂದೇ ನೋಟಕ್ಕೆ ಗೊತ್ತಾಯಿತು. ಸುತ್ತಲಿನ ಮಂದಿ ಎಲ್ಲರೂ ತಲೆ ತಗ್ಗಿಸಿದ್ದರು. ಅವ್ವನ ಮೊಣಕಾಲಿನ ಹತ್ತಿರ ಯಾರದೋ ಮಡಿಲಲ್ಲಿ ಮೂರು ವರ್ಷದ ಹುಡುಗನೊಬ್ಬ ಕತ್ತು ಮೇಲೆತ್ತಿ ಅವಳ ಮುಖವನ್ನೇ ನೋಡುತ್ತಿದ್ದ. ಇಡೀ ಚಿತ್ರದಲ್ಲಿ ತೆರೆದ ಕಣ್ಣು ಅವೆರಡೇ. ಗುಂಡನೆಯ ಸಣ್ಣ ಕಣ್ಣು, ಒಂದರ ಕಾಡಿಗೆ ಗಲ್ಲದ ತನಕ ಇಳಿದಿತ್ತು.

"ಈ ಕಣ್ಣು..." ಅಂದೆ.

"ಫೋಟೋದಾಗ ಹಂಗ ಅದಾವ್ರೀ ಸರ್. ನಾ ಏನೂ ಹಾಕಿಲ್ಲ" ಅಂದಳು. ಬಸ್ಸಿಗೆ ಹೊತ್ತಾಯಿತೆಂದು ಕಾಲು ಮುಟ್ಟಿ ನಮಸ್ಕರಿಸಿ ಇಳಿದು ಹೋದಳು.

ಮನೆಯಲ್ಲಿ ಟಾವೆಲ್ ಮುಚ್ಚಿದ್ದ ಹಳೆಯ ಚಿತ್ರವನ್ನು ಅವತ್ತೇ ಕೆಳಗಿಳಿಸಿ, ಅದೇ ಮೊಳೆಗೆ ಇದನ್ನು ಹಾಕಿದೆ. ನಾನು ಗೋಡೆಯ ಈ ತುದಿಯಿಂದ ಆ ತುದಿಗೆ ನಡೆದು ನೋಡಿದೆ. ಆ ಹುಡುಗ ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ. ಅವ್ವನನ್ನೇ ನೋಡುತ್ತಿದ್ದಾನೆ.